ಗೋಡೆ ಬುಡದ ಕೆಂಪು ಮಣ್ಣು

ಓಕ್ಲ್ಯಾಂಡ್
ಏಪ್ರಿಲ್ 6, 2025

ಈರವ್ವ ಆಂಟಿಗೆ, ನಿಮ್ಮ ಹಿತ್ತಲಿನಿಂದ ಕಾವ್ಯಾಳ ನಮಸ್ಕಾರ.

ಫೋನಿನಲ್ಲಿ ನೀವು "ಕೇಳಸವಲ್ದು ತಂಗಿ, ಕಾಗದಾ ಬರಿ" ಎಂದಾಗ ತಮಾಷೆಗೆ ಹೇಳಿದಿರಿ ಎಂದುಕೊಂಡೆ. ಆಮೇಲೆ ನಿಮ್ಮ ಮಗಳು ನಿವೇದಿತಾ ಅಕ್ಕ ಹೇಳಿದರು, ಕಿವಿಗೆ ಮಿಷನ್ ಹಾಕಿದರೂ ಫೋನಿನ ಮಾತು ನಿಮಗೆ ಬರೀ ಗುಂಯ್ ಎಂದೇ ಕೇಳಿಸುತ್ತದೆ ಎಂದು. ಹಾಗಾಗಿ ಪೆನ್ನು ಹುಡುಕಿ ಕೂತಿದ್ದೇನೆ. ಹತ್ತನೇ ಕ್ಲಾಸಿನ ನಂತರ ಕನ್ನಡದಲ್ಲಿ ಇಷ್ಟುದ್ದ ಬರೆದವಳಲ್ಲ. ತಪ್ಪು ಕಂಡರೆ ನಮ್ಮ ಮಂಡ್ಯದ ಮೇಷ್ಟರನ್ನು ಬೈದುಕೊಳ್ಳಿ.

ಫೆಬ್ರವರಿಯಲ್ಲಿ ನಾವು ನಿಮ್ಮ ಮನೆಗೆ ಬಾಡಿಗೆಗೆ ಬಂದಾಗ ಹಿತ್ತಲಲ್ಲಿ ಕಳೆ ಮೊಣಕಾಲು ಮುಚ್ಚುತ್ತಿತ್ತು. ನನ್ನ ಗಂಡ ಅಜಯ ಎರಡು ಶನಿವಾರ ಬಗ್ಗಿ ಕಿತ್ತು, ಮೂರನೆಯ ಶನಿವಾರ ಬೆನ್ನು ಹಿಡಿದುಕೊಂಡು ಮಲಗಿದ. ನಿಮ್ಮ ಮಲ್ಲಿಗೆ ಬದುಕಿದೆ. ಗುಲಾಬಿ ಚಿಗುರಿದೆ. ಟೊಮ್ಯಾಟೊ ಆರು ಸಸಿ ತಂದು ನೆಟ್ಟೆ, ಅದರಲ್ಲಿ ಎರಡನ್ನು ಒಂದೇ ರಾತ್ರಿಯಲ್ಲಿ ಬಸವನಹುಳು ತಿಂದು ಮುಗಿಸಿತು. ಮೆಂತ್ಯ, ದಂಟು ಎಲ್ಲಿ ಬಿತ್ತಲಿ? ಬೆಂಡೆ ಈಗಲೇ ಹಾಕಬಹುದೇ? ಮೂವತ್ತು ವರ್ಷ ಈ ಮಣ್ಣಿನಲ್ಲಿ ಕೈಯಾಡಿಸಿದವರು ನೀವು, ಹೇಳಿ.

ಇನ್ನೊಂದು ವಿಷಯ. ನನಗೀಗ ನಾಲ್ಕನೇ ತಿಂಗಳು. ಎರಡು ವರ್ಷದ ಹಿಂದೆ ಒಂದು ಇದೇ ಹೊತ್ತಿಗೆ ಹೋಗಿಬಿಟ್ಟಿತು. ಅದಕ್ಕೇ ಊರಿನಲ್ಲಿ ಅಮ್ಮನಿಗೂ ಇನ್ನೂ ಹೇಳಿಲ್ಲ. ಬಾಯಿಬಿಟ್ಟು ಹೇಳಿದರೆ ಎಲ್ಲಿ ಮತ್ತೆ ಹೋಗುತ್ತದೋ ಎಂದು ಭಯ. ನಿಮಗೆ ಯಾಕೆ ಬರೆದೆನೋ ಗೊತ್ತಿಲ್ಲ. ಕಾಗದವಲ್ಲವೇ, ಮುಖ ನೋಡಬೇಕಾಗಿಲ್ಲ.

ನಿಮ್ಮ
ಕಾವ್ಯಾ

*

ಲಾಸ್ ಗ್ಯಾಟೋಸ್
ಏಪ್ರಿಲ್ 12, 2025

ಕಾವ್ಯಾ ತಂಗಿ,

ಮೊದಲು ಆ ಆಂಟಿ ಎನ್ನುವುದನ್ನು ಬಿಡು. ಬಾಗಲಕೋಟೆಯ ಕಡೆಯವಳು ನಾನು, ಅವ್ವ ಎಂದರೆ ಸಾಕು. ನಿನ್ನ ಸುದ್ದಿ ಓದಿ ದೇವರ ಮುಂದೆ ದೀಪ ಹಚ್ಚಿದೆ. ಯಾರಿಗೂ ಹೇಳುವುದಿಲ್ಲ. ಹೇಳಿದರೂ ಅವರು ಮರಳಿ ಏನು ಕೇಳಿದರೆಂದು ನನಗೆ ಕೇಳಿಸುವುದಿಲ್ಲ, ಹಾಗಾಗಿ ನಿನ್ನ ಗುಟ್ಟು ಗಟ್ಟಿಯಾಗಿದೆ.

ಬೆಂಡೆ ಈಗ ಬೇಡ. ಓಕ್ಲ್ಯಾಂಡಿನಲ್ಲಿ ಮೇ ಮುಗಿಯುವವರೆಗೆ ಮಂಜು ಕವಿದಿರುತ್ತದೆ, ಬೀಜ ಮಣ್ಣಿನಲ್ಲೇ ಕೊಳೆಯುತ್ತದೆ. ಬಸವನಹುಳುವಿಗೆ ಸಂಜೆ ಹಲಗೆಯ ತುಂಡೊಂದನ್ನು ಮಡಿಯಲ್ಲಿ ಕವುಚಿಡು. ಬೆಳಿಗ್ಗೆ ಅದರಡಿ ಎಲ್ಲವೂ ಸಂತೆ ಸೇರಿರುತ್ತವೆ, ಎತ್ತಿ ಬಿಸಾಡು. ಟೊಮ್ಯಾಟೊ ಸಾಲಿನ ನಡುವೆ ಚೆಂಡುಹೂ ಹಾಕು. ಮೆಂತ್ಯ, ದಂಟು, ಕೊತ್ತಂಬರಿಗೆ ಅಡುಗೆಮನೆ ಗೋಡೆಯ ಬುಡದ ಮಡಿಯೇ ಸರಿ. ಗೋಡೆ ಬಿಸಿಲು ಹೀರಿಕೊಂಡು ರಾತ್ರಿಯೆಲ್ಲ ಬೆಚ್ಚಗಿರುತ್ತದೆ. ಅಲ್ಲಿ ಬೆಳೆದ ಮೆಂತ್ಯವನ್ನು ನಾನು ಹೊತ್ತು ಹಂಚದ ಕನ್ನಡದವರ ಮನೆ ಈ ಕಡೆ ಇಲ್ಲ.

ನನ್ನ ವಿಷಯ ಹೇಳುವುದೇನಿದೆ. ಸೊಂಟ ಮುರಿದುಕೊಂಡ ಮೇಲೆ ನಿವೇದಿತಾ ಇಲ್ಲಿಗೆ ಕರೆತಂದಳು. ಇಲ್ಲಿ ಹಿತ್ತಲಿದೆ, ಅದನ್ನು ನೋಡಿಕೊಳ್ಳಲು ವಾರಕ್ಕೊಮ್ಮೆ ಆಳುಗಳು ಬರುತ್ತಾರೆ, ನಾನು ಕಿಟಕಿಯಿಂದ ಅವರ ತಪ್ಪು ಹುಡುಕುತ್ತೇನೆ. ನನ್ನ ಮಗ ಶಿವಶರಣನೂ ಇಲ್ಲೇ ಇದ್ದಾನೆ. ಮೂವತ್ತೈದು ವರ್ಷ. ಗ್ರೋಸರಿ ಅಂಗಡಿಯ ಹೊರಗೆ ಗಾಡಿಗಳನ್ನು ಒಟ್ಟುಮಾಡಿ ಸಾಲು ನಿಲ್ಲಿಸುವ ಕೆಲಸ. ಅವನ ಬುದ್ಧಿ ಹತ್ತು ವರ್ಷಕ್ಕೇ ನಿಂತಿತು ಎಂದು ಡಾಕ್ಟರು ಹೇಳುತ್ತಾರೆ. ಆದರೂ ಒಂದು ಕಾಗದ ಕೊಟ್ಟರೆ ಮರೆಯದೆ ಅಂಚೆಗೆ ಹಾಕುತ್ತಾನೆ, ಇದನ್ನು ಹಾಕುವವನೂ ಅವನೇ.

ಭಾರ ಎತ್ತಬೇಡ. ಬಗ್ಗಬೇಡ, ಕೂತು ಕೆಲಸ ಮಾಡು.

ನಿನ್ನ ಒಳಿತು ಬಯಸುವ
ಈರವ್ವ

*

ಓಕ್ಲ್ಯಾಂಡ್
ಏಪ್ರಿಲ್ 27, 2025

ಈರವ್ವ ಅವ್ವಾರಿಗೆ,

ಅವ್ವ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ, ನಾಲ್ಕು ದಿನ ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಹಲಗೆಯ ಉಪಾಯ ಫಲಿಸಿತು. ಮೊದಲ ದಿನವೇ ಮೂವತ್ತೆರಡು ಹುಳು. ಗೋಡೆ ಬುಡದ ಮೆಂತ್ಯ ಎರಡೆಲೆ ಬಿಟ್ಟು ನಿಂತಿದೆ.

ಈಗ ಬರೆಯುವುದನ್ನು ಅಜಯನಿಗೂ ಹೇಳಿಲ್ಲ. ನಗಬೇಡಿ. ಸಂಜೆ ಆ ಮಡಿಗೆ ನೀರು ಬಿಟ್ಟ ಕೂಡಲೇ ಗೋಡೆಯ ಬಿಸಿಗೆ ಮಣ್ಣಿನ ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದರೆ ಬಾಯಲ್ಲಿ ನೀರೂರುತ್ತದೆ. ಹೋದ ವಾರ ಒತ್ತಾಗಿದ್ದ ಮೆಂತ್ಯದ ಸಸಿ ಕೀಳುವಾಗ ಬೇರಿನ ಮಣ್ಣನ್ನು ನೆಕ್ಕಿಬಿಟ್ಟೆ. ಒಳಗೆ ಓಡಿಬಂದು ಬಾಯಿ ತೊಳೆದೆ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಇಟ್ಟುಕೊಂಡೆ. ಮಾರನೆಯ ದಿನ ಆಫೀಸಿನ ಮೀಟಿಂಗು ನಡೆಯುತ್ತಿರುವಾಗಲೇ ಕ್ಯಾಮೆರಾ ಆರಿಸಿ ಹಿತ್ತಲಿಗೆ ಹೋದೆ. ಈಗ ದಿನವೂ ಒಂದು ಚಿಟಿಕೆ ಬೇಕು.

ಕ್ಲಿನಿಕ್ಕಿನಲ್ಲಿ ನರ್ಸು ಪ್ರತಿ ಸಲ ಪಟ್ಟಿ ಹಿಡಿದು ಕೇಳುತ್ತಾಳೆ. ಸಿಗರೇಟು ಸೇದುತ್ತೀಯಾ, ಕುಡಿಯುತ್ತೀಯಾ, ಊಟವಲ್ಲದ್ದು ಏನಾದರೂ ತಿನ್ನುತ್ತೀಯಾ. ಕೊನೆಯದಕ್ಕೂ ಇಲ್ಲ ಎಂದೆ. ಮಣ್ಣು ತಿನ್ನುತ್ತೇನೆ ಎಂದು ಆ ಬಿಳಿಯ ಹುಡುಗಿಗೆ ಹೇಗೆ ಹೇಳಲಿ? ಭಾರತದಿಂದ ಬಂದವರೆಲ್ಲ ಹೀಗೇ ಎಂದು ಬರೆದುಕೊಂಡರೆ? ಆದರೆ ರಾತ್ರಿ ಹೊಟ್ಟೆಯ ಮೇಲೆ ಕೈ ಇಟ್ಟಾಗ ಹೆದರಿಕೆಯಾಗುತ್ತದೆ. ಹೋದ ಸಲ ಹೋದದ್ದು ಯಾಕೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಈ ಸಲ ಹೋದರೆ ನನಗೆ ಗೊತ್ತಿರುತ್ತದಲ್ಲ. ಇದರಿಂದ ಮಗುವಿಗೆ ಏನಾದರೂ ಆಗುತ್ತದೆಯೇ, ನಿಜ ಹೇಳಿ.

ಉತ್ತರಕ್ಕೆ ಕಾದಿರುವ
ಕಾವ್ಯಾ

*

ಲಾಸ್ ಗ್ಯಾಟೋಸ್
ಮೇ 2, 2025

ಹುಚ್ಚು ಹುಡುಗಿ ಕಾವ್ಯಾಗೆ,

ನಿನ್ನ ಕಾಗದ ಓದಿ ನಕ್ಕಿದ್ದು ನಿಜ. ನಗಬೇಡಿ ಎಂದು ನೀನು ಬರೆದಿದ್ದೆ, ತಡೆಯಲಾಗಲಿಲ್ಲ. ನಮ್ಮ ಕಡೆ ಬಸುರಿಗೆ ಮಣ್ಣಿನ ಬಯಕೆ ಬಂದರೆ ಯಾರೂ ಡಾಕ್ಟರ ಹತ್ತಿರ ಓಡುವುದಿಲ್ಲ. ನಿವೇದಿತಾ ಹೊಟ್ಟೆಯಲ್ಲಿದ್ದಾಗ ನಮ್ಮತ್ತೆ ಬಂಗಾರೆವ್ವ ಹೊಲದ ಬದುವಿನಿಂದ ಎರೆಮಣ್ಣಿನ ಹೆಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಮಾವನವರ ಕಣ್ಣು ತಪ್ಪಿಸಿ ನನ್ನ ಕೈಗಿಟ್ಟು, "ತಿನ್ನು ಯವ್ವಾ, ಇದು ನಿನಗಲ್ಲ, ಕೂಸಿಗೆ ಬೇಕಾಗೇತಿ" ಎನ್ನುತ್ತಿದ್ದಳು. ನಿವೇದಿತಾ ಹುಟ್ಟುವಾಗಲೇ ಏಳು ಪೌಂಡು ತೂಗಿದಳು. ಇವತ್ತು ದೊಡ್ಡ ಕಂಪನಿಯಲ್ಲಿ ನೂರು ಜನರ ಮೇಲೆ ಕೂಗಾಡುತ್ತಾಳೆ. ಮಣ್ಣಿನಿಂದ ಏನೂ ಕೆಡಲಿಲ್ಲ.

ಆದರೆ ಎಲ್ಲಿಂದ ತೆಗೆದುಕೊಳ್ಳುತ್ತೀ ಎನ್ನುವುದು ಮುಖ್ಯ. ಬೇಲಿಯ ಕಡೆಯ ಮಡಿಗಳಿಗೆ ಅಂಗಡಿಯ ಚೀಲದ ಮಣ್ಣು ಸುರಿದಿದ್ದೇವೆ. ಅದರಲ್ಲಿ ಏನೇನು ರಸಾಯನ ಬೆರೆಸುತ್ತಾರೋ, ಅದನ್ನು ಮುಟ್ಟಬೇಡ. ಗೋಡೆ ಬುಡದ ಮಡಿಗೆ ಮಾತ್ರ ನಾನು ಹೊರಗಿನ ಮಣ್ಣು ಹಾಕಿಸಿದವಳಲ್ಲ. ಅದು ಚೊಕ್ಕ. ಅಲ್ಲಿಂದಲೇ ತೆಗೆದುಕೋ, ಚಿಟಿಕೆಗಿಂತ ಹೆಚ್ಚು ಬೇಡ.

ನರ್ಸಿಗೆ ಹೇಳದೆ ಇದ್ದದ್ದೇ ಒಳ್ಳೆಯದಾಯಿತು. ಇವರಿಗೆ ಇವೆಲ್ಲ ತಿಳಿಯುವುದಿಲ್ಲ. ಸುಮ್ಮನೆ ಭಯಪಟ್ಟುಕೊಂಡು ಮಗುವನ್ನೂ ಹೆದರಿಸಬೇಡ.

ನಿನ್ನ
ಅವ್ವ

*

ಓಕ್ಲ್ಯಾಂಡ್
ಮೇ 10, 2025

ಪ್ರೀತಿಯ ಅವ್ವಾರಿಗೆ,

ನಿಮ್ಮ ಕಾಗದ ಓದಿದ ರಾತ್ರಿ ಎಷ್ಟೋ ವಾರಗಳ ಮೇಲೆ ಕಣ್ತುಂಬ ನಿದ್ದೆ ಬಂತು. ತಲೆಯ ಮೇಲಿನ ಭಾರ ಇಳಿಯಿತು. ನಿನ್ನೆ ಊರಿಗೂ ಫೋನ್ ಮಾಡಿ ಅಮ್ಮನಿಗೆ ಹೇಳಿಬಿಟ್ಟೆ. ಅಮ್ಮ ಅತ್ತಳು, ನಾನೂ ಅತ್ತೆ. ಪಕ್ಕದಲ್ಲಿ ನಿಂತಿದ್ದ ಅಜಯ ಯಾರಿಗೆ ಏನಾಯಿತೆಂದು ಗಾಬರಿಯಾದ.

ಟೊಮ್ಯಾಟೊ ಹೂ ಬಿಟ್ಟಿದೆ. ಮೆಂತ್ಯ ಒಂದು ಕೊಯ್ಲು ಆಯಿತು, ಚಪಾತಿಗೆ ಹಾಕಿದೆ. ಮಲ್ಲಿಗೆ ದಿನಕ್ಕೆ ಒಂದು ಬೊಗಸೆ ಸಿಗುತ್ತದೆ. ಮುಡಿದುಕೊಂಡೇ ವಿಡಿಯೊ ಮೀಟಿಂಗಿಗೆ ಕೂತಿದ್ದೆ, ಅಲ್ಲಿದ್ದವರು ಒಬ್ಬೊಬ್ಬರಾಗಿ ಏನದು ಎಂದು ಕೇಳಿದರು.

ಚಿಟಿಕೆ ಹೋಗಿ ಈಗ ಒಂದು ಚಮಚವಾಗಿದೆ ಅವ್ವಾ, ಬೈಯಬೇಡಿ. ಈ ಹಿತ್ತಲಿನಲ್ಲಿ ಎಲ್ಲ ಕಡೆ ಬೂದಿ ಬಣ್ಣದ ಅಂಟುಮಣ್ಣು. ಗೋಡೆ ಬುಡದ ಆ ಒಂದು ಪಟ್ಟಿ ಮಾತ್ರ ನಮ್ಮ ಮಂಡ್ಯದ ಕೆಮ್ಮಣ್ಣಿನ ಹಾಗೆ ಕೆಂಪಗಿದೆ. ಗೇಣುದ್ದ ಅಗೆದರೆ ಇನ್ನೂ ಕೆಂಪು. ಸಣ್ಣ ಸಣ್ಣ ಕೆಂಪು ಹಕ್ಕಳೆಗಳಿವೆ, ಉಗುರಿನಿಂದ ಒತ್ತಿದರೆ ಪದರ ಪದರವಾಗಿ ಬಿಡುತ್ತವೆ. ಬಾಯಲ್ಲಿಟ್ಟರೆ ಒಂಚೂರು ಸಿಹಿ. ಅದೇ ನನಗೆ ತುಂಬ ಇಷ್ಟ, ಅದನ್ನೇ ಆರಿಸಿಕೊಳ್ಳುತ್ತೇನೆ. ಇಲ್ಲಿ ಈ ಮಣ್ಣು ಎಲ್ಲಿಂದ ಬಂತು? ನೀವೇ ಊರಿನಿಂದ ಪೆಟ್ಟಿಗೆಯಲ್ಲಿ ಹೊತ್ತು ತಂದಿರಾ?

ಹೊಟ್ಟೆಯಲ್ಲಿ ಮೊನ್ನೆ ಮೊದಲ ಸಲ ಏನೋ ಮಿಸುಕಾಡಿತು.

ನಿಮ್ಮ
ಕಾವ್ಯಾ

*

ಲಾಸ್ ಗ್ಯಾಟೋಸ್
ಮೇ 15, 2025

ಕಾವ್ಯಾ,

ಕಾಗದ ಮುಟ್ಟಿತು. ಆ ಮಣ್ಣನ್ನು ಇನ್ನು ತಿನ್ನಬೇಡ. ಮೂರು ವರ್ಷದ ಹಿಂದೆ ಆ ಮಡಿಗೆ ಕೋಳಿಗೊಬ್ಬರ ಹಾಕಿದ್ದು ಈಗ ನೆನಪಾಯಿತು. ಹೊಟ್ಟೆಯಲ್ಲಿ ಹುಳು ಆಗುತ್ತವೆ. ಬಯಕೆ ತಡೆಯದಿದ್ದರೆ ಹುರಿಗಡಲೆ ಬಾಯಿಗೆ ಹಾಕಿಕೋ.

ಟೊಮ್ಯಾಟೊ ಗಿಡಕ್ಕೆ ಕೋಲು ಕಟ್ಟು. ನನಗೆ ಎರಡು ದಿನದಿಂದ ಮೈ ಸರಿಯಿಲ್ಲ, ಹೆಚ್ಚು ಬರೆಯಲಾರೆ.

ಈರವ್ವ

*

ಓಕ್ಲ್ಯಾಂಡ್
ಮೇ 22, 2025

ಅವ್ವಾರಿಗೆ,

ನಿಮ್ಮ ಮೈ ಈಗ ಹೇಗಿದೆ? ಎಂದೂ ಇಲ್ಲದ ಹಾಗೆ ಐದೇ ಸಾಲು ಬರೆದಿದ್ದೀರಿ, ನನಗೆ ಚಿಂತೆಯಾಯಿತು.

ಹುಳುವಿಗೆ ಉಪಾಯ ಮಾಡಿದ್ದೇನೆ. ನಮ್ಮ ಅಜ್ಜಿ ಬಸುರಿಯರಿಗೆ ಮಣ್ಣನ್ನು ಬಾಣಲೆಯಲ್ಲಿ ಹುರಿದೇ ಕೊಡುತ್ತಿದ್ದದ್ದು ನೆನಪಾಯಿತು. ಜರಡಿ ಹಿಡಿದು, ಕಬ್ಬಿಣದ ಬಾಣಲೆಯಲ್ಲಿ ಚೆನ್ನಾಗಿ ಹುರಿದು ಡಬ್ಬಿಗೆ ತುಂಬಿಟ್ಟಿದ್ದೇನೆ. ಇನ್ನು ಯಾವ ಹುಳುವೂ ಉಳಿಯುವುದಿಲ್ಲ. ಹುರಿಯುವಾಗ ಅಡುಗೆಮನೆ ತುಂಬ ಹೊಗೆಯಾಗಿ ಅಲಾರಂ ಹೊಡೆದುಕೊಂಡಿತು. ರುಚಿ ಮೊದಲಿಗಿಂತ ಚೆನ್ನಾಗಿದೆ. ಕೆಲಸ ಮಾಡುವ ಟೇಬಲ್ಲಿನ ಡ್ರಾಯರಿನಲ್ಲೇ ಡಬ್ಬಿ ಇಟ್ಟುಕೊಂಡಿದ್ದೇನೆ.

ಹತ್ತು ದಿನದಿಂದ ತಲೆನೋವು. ಹೊಟ್ಟೆ ಹಿಂಡುತ್ತದೆ, ನಾಲ್ಕು ದಿನಕ್ಕೊಮ್ಮೆ ಕಕ್ಕಸು. ಐದನೇ ತಿಂಗಳು ಕಳೆದ ಮೇಲೆ ಹೀಗೆಲ್ಲ ಇರುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಬರೆದಿದ್ದಾರೆ. ನಿನ್ನೆ ಮಗು ಇಡೀ ಮಧ್ಯಾಹ್ನ ಮಿಸುಕಲಿಲ್ಲ. ಸಂಜೆ ಒಂದು ಸಲ ಒದೆಯಿತು, ಆಗ ಜೀವ ಬಂತು. ನಿಮಗೂ ಹೀಗೆಲ್ಲ ಆಗಿತ್ತೇ?

ಕಾವ್ಯಾ

*

ಲಾಸ್ ಗ್ಯಾಟೋಸ್
ಮೇ 25, 2025

ಕಾವ್ಯಾ, ನನ್ನ ತಾಯಿ,

ಈ ಕಾಗದ ನಿನ್ನ ಕೈಸೇರುವ ಮೊದಲೇ ನಿವೇದಿತಾಳ ಫೋನು ಬಂದಿದೆ, ಗೊತ್ತು. ನಿನ್ನೆ ಸಂಜೆ ಅವಳಿಂದ ಫೋನು ಮಾಡಿಸಿದ್ದು ನಾನೇ. ಅವಳು ಏನು ಹೇಳಿದಳು, ನೀನು ಏನೆಂದೆ ಒಂದೂ ನನಗೆ ಕೇಳಿಸಲಿಲ್ಲ. ಅವಳ ಮುಖ ಬಿಳಿಚಿಕೊಂಡದ್ದು ಮಾತ್ರ ಕಂಡಿತು. ನನ್ನ ಬಾಯಿಂದ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತೇನೆ.

ಆ ಮನೆ ಕಟ್ಟಿ ನೂರು ವರ್ಷವಾಗಿದೆ. ನಾವು ಕೊಂಡಾಗ ಗೋಡೆಗೆಲ್ಲ ಇಟ್ಟಿಗೆಯಂಥ ಕೆಂಪು ಬಣ್ಣವಿತ್ತು. 1992ರ ಬೇಸಿಗೆಯಲ್ಲಿ ಅದನ್ನು ಕೆರೆದು ಬೇರೆ ಬಳಿಯಬೇಕೆಂದು ನನ್ನ ಯಜಮಾನರು ಹೊರಟರು. ಅವರು ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುತ್ತಿದ್ದವರು, ಯಾವ ಕೆಲಸಕ್ಕೂ ಹೊರಗಿನವರನ್ನು ಕರೆದವರಲ್ಲ. "ನಮ್ಮ ಮನಿ ನಾವ ಬಳಿಯೂಣು, ಮಂದಿ ಯಾಕ?" ಎಂದರು. ಎರಡು ತಿಂಗಳು ಶನಿವಾರ ಭಾನುವಾರ ಗೋಡೆ ಕೆರೆದರು. ಕೆರೆದದ್ದೆಲ್ಲ ಗೋಡೆಯ ಬುಡಕ್ಕೇ ಬಿತ್ತು. ನಾನು ಸಲಿಕೆ ತೆಗೆದುಕೊಂಡು ಅದನ್ನು ಅಲ್ಲೇ ಮಣ್ಣಿನೊಳಗೆ ಮಗುಚಿ ಮೇಲೆ ಮಲ್ಲಿಗೆ ನೆಟ್ಟೆ.

ನೀನು ಬರೆದ ಕೆಂಪು ಹಕ್ಕಳೆ ನಿನ್ನ ಮಂಡ್ಯದ ಮಣ್ಣಲ್ಲ. ಆ ಬಣ್ಣ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಅದು ಸಿಹಿಯಾಗಿರುತ್ತದೆ. ಬಾಡಿಗೆ ಕರಾರಿನ ಜೊತೆ ಒಂದು ಸಣ್ಣ ಪುಸ್ತಕ ಕೊಟ್ಟಿದ್ದೆವಲ್ಲ, ಅಡುಗೆಮನೆಯ ಡ್ರಾಯರಿನಲ್ಲಿ ಇರಬಹುದು, ಅದರಲ್ಲಿ ಇದೆಲ್ಲ ಬರೆದಿದೆ. ಸಹಿ ಹಾಕಿದವರೂ ಓದಲಿಲ್ಲ, ಹಾಕಿಸಿಕೊಂಡವರೂ ಓದಲಿಲ್ಲ.

ನಾಳೆ ಸೋಮವಾರ ಅಂಚೆಗೂ ರಜೆ, ಕಾಗದ ತಡವಾಗಿ ಮುಟ್ಟುತ್ತದೆ ಎನ್ನುತ್ತಾಳೆ ನಿವೇದಿತಾ. ಮುಟ್ಟುವ ಹೊತ್ತಿಗೂ ನೀನು ಹೋಗಿರದಿದ್ದರೆ ಇನ್ನು ಕಾಯಬೇಡ. ಆಸ್ಪತ್ರೆಗೆ ಹೋಗಿ ರಕ್ತ ಕೊಡು, ತಿಂದದ್ದನ್ನು ಇದ್ದ ಹಾಗೆ ಹೇಳು. ಡಬ್ಬಿಯನ್ನೂ ತೆಗೆದುಕೊಂಡು ಹೋಗು. ಆ ಮಡಿಯ ಸೊಪ್ಪನ್ನು ಇನ್ನು ಮುಟ್ಟಬೇಡ, ಆ ಬಾಣಲೆಯನ್ನು ಎಸೆ.

ಬಣ್ಣ ಕೆರೆದದ್ದು ನನಗೆ ನೆನಪಾದದ್ದು ನಿನ್ನೆ, ನಿನ್ನ ಬಾಣಲೆಯ ಕಾಗದ ಓದುತ್ತಿದ್ದಾಗ. ನೆನಪಾದ ಕೂಡಲೇ ಹೇಳಿದೆ. ಶರಣನಿಗೆ ಆಗ ಎರಡು ವರ್ಷ. ಅವನು ಅಲ್ಲೇ ಆಡುತ್ತಿದ್ದ.

ಈರವ್ವ

*

ಓಕ್ಲ್ಯಾಂಡ್
ಜೂನ್ 14, 2025

ಅವ್ವಾರಿಗೆ,

ಮೂರು ವಾರ ಬರೆಯಲಾಗಲಿಲ್ಲ. ಎರಡು ಸಲ ಶುರುಮಾಡಿ ಹರಿದೆ.

ರಕ್ತದಲ್ಲಿ ಸೀಸ ಐದರೊಳಗೆ ಇರಬೇಕಾದದ್ದು ಹತ್ತೊಂಬತ್ತು ಬಂತು. ಮೊನ್ನೆ ಮತ್ತೆ ನೋಡಿದರು, ಹದಿನಾಲ್ಕು. ಇಳಿಯುತ್ತಿದೆ ಎಂದು ಡಾಕ್ಟರು ಸಮಾಧಾನ ಹೇಳಿದರು. ಮಗುವಿಗೆ ಎಷ್ಟು ಹೋಗಿದೆ ಎಂದು ಕೇಳಿದೆ. ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯ ರಕ್ತ ನೋಡಿದರೆ ತಿಳಿಯುತ್ತದೆ ಎಂದರು. ತಿಳಿದ ಮೇಲೂ ಅದು ಏನು ಮಾಡುತ್ತದೆ, ಮಾಡುವುದೇ ಇಲ್ಲವೇ ಎಂದು ಹೇಳಲು ವರ್ಷಗಳು ಬೇಕಂತೆ. ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆ, ಹಾಲು ಹೇಳಿದ್ದಾರೆ. ದಿನಕ್ಕೆ ಎರಡು ಹೊತ್ತು ರಾಗಿ ಕುಡಿಯುತ್ತೇನೆ. ಮಾತ್ರೆ ಶುರುವಾದ ಮೇಲೆ ಮಣ್ಣಿನ ಆಸೆ ತಾನಾಗಿ ಹೋಯಿತು. ರಕ್ತ ಕಡಿಮೆಯಿದ್ದದ್ದಕ್ಕೇ ಆ ಆಸೆಯಂತೆ. ನರ್ಸಿಗೆ ಇದ್ದ ಹಾಗೆ ಹೇಳಿದ್ದರೆ ಮೊದಲ ವಾರವೇ ಮುಗಿಯುತ್ತಿತ್ತು.

ಅಜಯ ಮೊದಲ ದಿನ ಒಂದೇ ಮಾತಾಡಿದ. "ಅಜ್ಜಿ ಮಾತ್ ಕೇಳ್ಕೊಂಡು ತಿಂದೆ ಸರಿ. ನನ್ ಜೊತೆ ಒಂದೇ ಮನೇಲಿದ್ಕೊಂಡು ನಂಗ್ಯಾಕೆ ಹೇಳ್ಲಿಲ್ಲ?" ಎಂದ. ನಿಮ್ಮ ಮೇಲೆ ಅವನಿಗೆ ಕೋಪವಿದೆ, ಮುಚ್ಚಿಡುವುದಿಲ್ಲ. ಈಗ ಮೆನ್ಲೋ ಪಾರ್ಕಿನ ಆಫೀಸಿನಿಂದ ಗಂಟೆಗೊಮ್ಮೆ ಮೆಸೇಜು ಮಾಡುತ್ತಾನೆ, ಒದೆಯಿತಾ ಎಂದು. ಒದೆಯಿತು ಎಂದು ಬರೆಯುತ್ತೇನೆ. ಒದೆಯದಿದ್ದಾಗಲೂ ಒಮ್ಮೊಮ್ಮೆ ಹಾಗೆಯೇ ಬರೆದು, ಎಡಕ್ಕೆ ಮಲಗಿ ತಣ್ಣನೆಯ ನೀರು ಕುಡಿದು ಕಾಯುತ್ತೇನೆ.

ಕೌಂಟಿಯ ಆರೋಗ್ಯ ಇಲಾಖೆಯ ಹೆಂಗಸೊಬ್ಬಳು ಸೀಸ ಅಳೆಯುವ ಯಂತ್ರ ಹಿಡಿದು ಬಂದು ಹಿತ್ತಲಿನ ಮಣ್ಣನ್ನೆಲ್ಲ ನೋಡಿದಳು. ಬೇಲಿಯ ಕಡೆ ಏನೂ ಇಲ್ಲ. ಗೋಡೆಯ ಬುಡದಲ್ಲಿ ಯಂತ್ರ ಇಟ್ಟವಳು ಮತ್ತೊಮ್ಮೆ ಇಟ್ಟು ನೋಡಿ, ನನ್ನ ಹೊಟ್ಟೆ ನೋಡಿ, ನೀನು ಒಳಗೆ ಹೋಗಮ್ಮ ಎಂದಳು. ಈಗ ಅಲ್ಲಿ ಪ್ಲಾಸ್ಟಿಕ್ ಹೊದಿಸಿ ಕಲ್ಲು ಹೇರಿದ್ದಾರೆ. ಮಲ್ಲಿಗೆ ಅದರಡಿಯಲ್ಲೇ ಹೋಯಿತು. ಟೊಮ್ಯಾಟೊ ಕೆಂಪಾಗುತ್ತಿದೆ, ತಿನ್ನಬಹುದು ಎಂದಿದ್ದಾರೆ. ನನಗೆ ಕೈ ಹೋಗುವುದಿಲ್ಲ.

ಒಂದು ವಿಷಯಕ್ಕೆ ನಿಮಗೆ ಕೈಮುಗಿಯುತ್ತೇನೆ. ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ, ಇನ್ನೊಂದು ವಾರ ತಿಂದಿದ್ದರೆ ಮಾತೇ ಬೇರೆ ಇತ್ತು ಎಂದರು ಡಾಕ್ಟರು. ನೆನಪಾದ ಕೂಡಲೇ ನೀವು ಹೇಳಿದಿರಿ. ಅಜಯನಿಗೂ ಇದನ್ನೇ ಹೇಳುತ್ತೇನೆ, ಅವರು ಒಂದು ದಿನವೂ ಕಾಯಲಿಲ್ಲ ಎಂದು.

ಈಗ ಒಂದು ಕೇಳಬೇಕು. ಶರಣ ಯಾವಾಗ ನಡೆದರು, ಯಾವಾಗ ಮಾತು ಬಂತು, ಏನು ಕಲಿತರು, ಏನು ಕಲಿಯಲಿಲ್ಲ, ಒಂದೂ ಬಿಡದೆ ಬರೆಯಿರಿ. ಮನಸ್ಸಿಗೆ ಹಿತವಾಗಲಿ ಎಂದು ಏನನ್ನೂ ಸೇರಿಸಬೇಡಿ. ನನಗೆ ಏನು ಬರಬಹುದು ಎಂದು ಗೊತ್ತಿರಬೇಕು. ಗೊತ್ತಿಲ್ಲದಿರುವುದೇ ಹೆಚ್ಚು ಹೆದರಿಸುತ್ತಿದೆ.

ಕಾವ್ಯಾ

*

ಲಾಸ್ ಗ್ಯಾಟೋಸ್
ಜೂನ್ 20, 2025

ಕಾವ್ಯಾ,

ನೀನು ಕೇಳಿದ್ದನ್ನು ಮೊದಲು ಬರೆಯುತ್ತೇನೆ. ಶರಣ ಹನ್ನೊಂದು ತಿಂಗಳಿಗೆ ನಡೆದ. ಒಂದೂವರೆ ವರ್ಷಕ್ಕೆ ಅವ್ವ, ಅಪ್ಪ, ಹಾಲು, ಹೂವು, ಹಕ್ಕಿ ಎನ್ನುತ್ತಿದ್ದ. ಎರಡು ತುಂಬುವಾಗ ಸಣ್ಣ ಸಣ್ಣ ಮಾತು ಜೋಡಿಸುತ್ತಿದ್ದ. ಆ ಬೇಸಿಗೆ ನಿವೇದಿತಾ ಶಾಲೆಯ ಬೇಸಿಗೆ ಶಿಬಿರಕ್ಕೆ ಹೋಗುತ್ತಿದ್ದಳು. ಅವರು ಗೋಡೆ ಕೆರೆಯುತ್ತಿದ್ದರು, ನಾನು ಮಡಿ ಅಗೆಯುತ್ತಿದ್ದೆ, ಇವನು ಪಕ್ಕದಲ್ಲಿ ಕೂತು ಮಣ್ಣು ತಿನ್ನುತ್ತಿದ್ದ. ಹಕ್ಕಳೆಗಳನ್ನು ಆರಿಸಿ ಆರಿಸಿ ತಿನ್ನುತ್ತಿದ್ದ. ಬಾಯಿಗೆ ಬೆರಳು ಹಾಕಿ ತೆಗೆದರೆ ಅಳುತ್ತಿದ್ದ, ಆ ಅಳು ತಾಳಲಾರದೆ ಬಿಟ್ಟೆ. ಮೂರು ತುಂಬುವಾಗ ಜೋಡಿಸಿದ ಮಾತು ಹೋಯಿತು. ಆಮೇಲೆ ಒಂಟಿ ಮಾತುಗಳೂ ಒಂದೊಂದಾಗಿ ಹೋದವು. ಮತ್ತೆ ಬಂದದ್ದು ಆರನೇ ವರ್ಷಕ್ಕೆ, ಇಂಗ್ಲಿಷಿನಲ್ಲಿ. ಎರಡು ಭಾಷೆಯ ಗೊಂದಲ, ಮನೆಯ ಭಾಷೆ ಬಿಡಿಸಿ ಎಂದು ಶಾಲೆಯವರು ಹೇಳಿದರು, ನಾವು ಅವನೊಡನೆ ಕನ್ನಡ ನಿಲ್ಲಿಸಿದೆವು. ಈಗಲೂ ನಾನು ಕನ್ನಡದಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಗಡಿಯಾರ ನೋಡಲು ಹದಿನಾಲ್ಕಕ್ಕೆ ಕಲಿತ. ಕೂಡುವ ಲೆಕ್ಕವನ್ನು ಬೆರಳು ಮಡಚಿ ಮಾಡುತ್ತಾನೆ. ಕಳೆಯುವುದು ಬರಲೇ ಇಲ್ಲ. ಯಾರನ್ನೂ ನೋಯಿಸಿದವನಲ್ಲ. ಮಕ್ಕಳು ಕಂಡರೆ ಜೀವ ಬಿಡುತ್ತಾನೆ. ಇದೆಲ್ಲ ಆ ಮಣ್ಣಿನಿಂದಲೇ ಆಯಿತು ಎಂದು ಯಾರೂ ಹೇಳಲಾರರು. ಅಲ್ಲ ಎಂದೂ ಹೇಳಲಾರರು.

ಹೇಳಬಹುದಿತ್ತು. ಅವನಿಗೆ ಮೂರು ವರ್ಷವಿದ್ದಾಗ ಕ್ಲಿನಿಕ್ಕಿನ ನರ್ಸೊಬ್ಬಳು ಮಗು ಮಣ್ಣು ತಿನ್ನುತ್ತದೆಯೇ, ಮನೆಯ ಬಣ್ಣ ಹಳೆಯದೇ ಎಂದು ಕೇಳಿದಳು. ರಕ್ತ ತೆಗೆದು ನೋಡೋಣ ಎಂದಳು. ನನ್ನ ಯಜಮಾನರು ನನ್ನ ಮುಖ ನೋಡಿದರು. ನಾನು ಇಲ್ಲ ಎಂದೆ. ಹೊರಗೆ ಬಂದ ಮೇಲೆ ಅವರು, "ಮಣ್ಣ ತಿನ್ನೂದು ಉಪವಾಸ ಇದ್ದವರ ಮಕ್ಕಳು. ನಮ್ಮನ್ನ ಏನಂತ ತಿಳಿದಾಳ ಆಕಿ?" ಎಂದರು. ರಕ್ತ ಕೊಡಲಿಲ್ಲ. ನೀನು ನರ್ಸಿಗೆ ಇಲ್ಲ ಎಂದದ್ದನ್ನು ಬರೆದಾಗ ನಾನು ಶಭಾಷ್ ಎಂದೆನಲ್ಲ, ಅದು ಇದೇ ಬಾಯಿ. ನಾನು ಕೆರೆದ ಬಣ್ಣವನ್ನು ಮರೆತವಳಲ್ಲ ಕಾವ್ಯಾ. ಮೂವತ್ತು ವರ್ಷ ಅದರ ಹತ್ತಿರ ಹೋಗದ ಹಾಗೆ ಮನಸ್ಸನ್ನು ತಿರುಗಿಸಿಕೊಂಡು ಬಂದವಳು. ನೀನು ಮಣ್ಣಿನ ಬಯಕೆ ಎಂದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮತ್ತೆಯ ಸೆರಗು ಮಾತ್ರ, ಅಷ್ಟು ಚೆನ್ನಾಗಿ ತಿರುಗಿಸಿಕೊಂಡಿದ್ದೆ.

ಇನ್ನು ನೀನು ಕೈಮುಗಿದದ್ದು. ಅದನ್ನು ವಾಪಸು ತೆಗೆದುಕೋ. ಕೆಂಪು ಹಕ್ಕಳೆ, ಸಿಹಿ ಎಂದು ನೀನು ಬರೆದ ಕಾಗದ ನನಗೆ ಮುಟ್ಟಿದ್ದು ಮೇ ಹದಿಮೂರರಂದು, ಮಂಗಳವಾರ. ಓದಿದ ಕ್ಷಣವೇ ತಿಳಿಯಿತು. ಆಗಲೇ ನಿವೇದಿತಾಳನ್ನು ಕರೆದಿದ್ದರೆ ಐದು ನಿಮಿಷದಲ್ಲಿ ನಿನಗೆ ಫೋನು ಬರುತ್ತಿತ್ತು. ಆದರೆ ಅವಳಿಗೆ ನಿನ್ನ ವಿಷಯ ಹೇಳಬೇಕಾದರೆ ಶರಣನದನ್ನೂ ಹೇಳಬೇಕಾಗುತ್ತಿತ್ತು. ನಿನ್ನ ತಮ್ಮನನ್ನು ಹೀಗೆ ಮಾಡಿದ್ದು ನಾವಿರಬಹುದು ಎಂದು ಅವಳ ಮುಖ ನೋಡಿ ಹೇಳಬೇಕಾಗುತ್ತಿತ್ತು. ಅದಕ್ಕೆ ಧೈರ್ಯ ಬರಲಿಲ್ಲ. ಹುಳುವಿನ ಕಥೆ ಕಟ್ಟಿದೆ. ಅಷ್ಟಕ್ಕೇ ನೀನು ಬಿಟ್ಟುಬಿಡುತ್ತೀ, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದುಕೊಂಡೆ. ನೀನು ಬಾಣಲೆ ಹತ್ತಿಸಿದೆ. ಇಪ್ಪತ್ತನಾಲ್ಕರ ಸಂಜೆಯವರೆಗೆ ನಾನು ಉಂಡೆ, ಮಲಗಿದೆ, ಪೂಜೆ ಮಾಡಿದೆ. ಆ ಅಷ್ಟೂ ದಿನ ನೀನು ತಿಂದೆ. ಆಮೇಲೂ ನನಗೆ ನಿನ್ನೆ ತಾನೇ ನೆನಪಾಯಿತು ಎಂದು ನಿನಗೆ ಸುಳ್ಳು ಬರೆದೆ. ಇದನ್ನು ಅಜಯನಿಗೆ ಓದಿ ಹೇಳು. ಅವನ ಕೋಪ ಸರಿಯಾಗಿದೆ. ನೀನು ಇನ್ನು ನನಗೆ ಬರೆಯದಿದ್ದರೆ ಅದೂ ಸರಿ. ಕೂಸು ಹುಟ್ಟಿದ ದಿನವೇ ರಕ್ತ ನೋಡಿಸು, ಬಂದದ್ದನ್ನು ಯಾರಿಂದಲೂ ಮುಚ್ಚಿಡಬೇಡ. ಬೇಗ ತಿಳಿದರೆ ಮಾಡುವುದು ಬಹಳವಿದೆ ಎನ್ನುತ್ತಾಳೆ ನಿವೇದಿತಾ. ನಾವು ಅದನ್ನು ಶರಣನಿಗೆ ಸಿಗಗೊಡಲಿಲ್ಲ.

ನಿನ್ನೆ ಅವನನ್ನು ಅಡುಗೆಮನೆಯ ಟೇಬಲ್ಲಿಗೆ ಕೂರಿಸಿಕೊಂಡು ಎಲ್ಲ ಹೇಳಿದೆ. ಅವನಿಗೆ ತಿಳಿಯುವ ಹಾಗೆ ಹೇಳಿದೆ, ಗೋಡೆ, ಬಣ್ಣ, ಮಣ್ಣು, ಅವನ ಮಾತು ಹೋದದ್ದು. ಚಪಾತಿ ತಿನ್ನುತ್ತಾ ಕೇಳಿದ. ಓಕ್ಲ್ಯಾಂಡಿನ ಅಕ್ಕ ಅದನ್ನು ತಿಂದಳಲ್ಲ, ಅವಳಿಗೆ ಗೊತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೇಳಿದ್ದೇನೆ ಎಂದೆ. ನನ್ನ ಕಿವಿಯ ಹತ್ತಿರ ಬಗ್ಗಿ ಕನ್ನಡದಲ್ಲಿ ಕೇಳಿದ.

"ಯಾವಾಗ ಹೇಳಿದಿ, ಅವ್ವಾ?"

ಹದಿಮೂರಕ್ಕೆ ತಿಳಿಯಿತು, ಇಪ್ಪತ್ತನಾಲ್ಕಕ್ಕೆ ಹೇಳಿದೆ ಎಂದೆ. ಅವನು ಹದಿನಾಲ್ಕರಿಂದ ದಿನಕ್ಕೊಂದು ಬೆರಳು ಮಡಚುತ್ತಾ ಬಂದ. ಎರಡೂ ಕೈಯ ಬೆರಳು ಮುಗಿದವು, ಇನ್ನೂ ಒಂದು ದಿನ ಉಳಿಯಿತು. ನನ್ನ ಕೈಯನ್ನು ಎಳೆದುಕೊಂಡು, ನನ್ನ ಒಂದು ಬೆರಳು ಮಡಚಿದ.

ಈರವ್ವ